ಚೆನ್ನಾಗಿದ್ದೀನಿ ಎಂದವರ ಅಂಕ

ಆ ಬೀದಿಗಳಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಐದುಪ್ರಶ್ನೆ ಬಂದಳು’ ಎನ್ನುತ್ತಿದ್ದರು. ಬಾಗಿಲು ತೆರೆದ ಸೊಸೆ ಒಳಗೆ ತಿರುಗಿ ಮಾವನಿಗೆ ಹೇಳುವುದೂ ಹಾಗೆಯೇ, ಮೂಲೆಯಂಗಡಿಯವನು ಗಿರಾಕಿಗೆ ಕಣ್ಣು ಮಿಟುಕಿಸಿ ಹೇಳುವುದೂ ಹಾಗೆಯೇ. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಸರ್ಕಾರ ಕೊಟ್ಟ ಹುದ್ದೆಯ ಹೆಸರು ಎಷ್ಟು ಉದ್ದವಿತ್ತೆಂದರೆ, ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕೆಲಸ ಸರಳವಾಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಎಲ್ಲರಿಗೂ ಉಚಿತ. ಉಚಿತ ಎಂದರೆ ಆಕಾಶದಿಂದ ಉದುರಿದ್ದಲ್ಲ, ಎಲ್ಲರ ಸಂಬಳದಿಂದ ಮೊದಲೇ ಕತ್ತರಿಸಿ ಒಂದೇ ಗಂಟಿಗೆ ಹಾಕಿದ್ದು. ಕ್ಯಾನ್ಸರಿನ ಮಾತ್ರೆಗೂ ಆ ಗಂಟೇ, ಮಂಡಿಯ ಆಪರೇಷನ್ನಿಗೂ ಆ ಗಂಟೇ, ಕೂಸಿನ ಲಸಿಕೆಗೂ ಅದೇ. ಯಾವುದನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು ಎಂದು ಹೇಳಲು ಒಂದು ಸಮಿತಿ ಇತ್ತು. ಆ ಸಮಿತಿಗೆ ಮಂಡಿಯನ್ನೂ ಪುಪ್ಪುಸವನ್ನೂ ಅಕ್ಕಪಕ್ಕ ಇಟ್ಟು ತೂಗಬೇಕಾಗಿತ್ತು. ಹಾಗಾಗಿ ಎಲ್ಲ ಕಾಯಿಲೆಗೂ ಒಂದೇ ಅಳತೆಗೋಲು, ಐದು ಪ್ರಶ್ನೆ. ನಡೆದಾಡಲು ತೊಂದರೆ ಇದೆಯೇ? ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳಲು? ದಿನನಿತ್ಯದ ಕೆಲಸಕ್ಕೆ? ನೋವು ಇದೆಯೇ? ಚಿಂತೆ ಇದೆಯೇ? ಚಿಕಿತ್ಸೆಗೆ ಮುಂಚೆ ಒಮ್ಮೆ ಕೇಳುವುದು, ಆಮೇಲೆ ಒಮ್ಮೆ ಕೇಳುವುದು. ಉತ್ತರಗಳಿಗೆ ಅಂಕ. ಅಂಕ ಎಷ್ಟು ಏರಿತೋ ಆ ಚಿಕಿತ್ಸೆಯ ಯೋಗ್ಯತೆ ಅಷ್ಟು.

ಹೀಗೆ ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡು ಬರುವವಳು ಅವಳು. ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಒಂದೇ ಮಾತು: ಗೋಡೆಯ ಹಾಗೆ ಕೇಳಬೇಕು. ವಿವರಿಸಬಾರದು, ತಲೆಯಾಡಿಸಬಾರದು, ಅಯ್ಯೋ ಎನ್ನಬಾರದು. ಅವಳು ಅದರಲ್ಲಿ ಪಳಗಿದ್ದಳು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡವನು ‘ತೊಂದರೆ ಏನೂ ಇಲ್ಲಮ್ಮ’ ಎಂದರೆ ‘ತೊಂದರೆ ಇಲ್ಲ’ ಎಂದೇ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ಇಷ್ಟು ಶುದ್ಧವಾಗಿ ಕೇಳುವವರು ಇಲಾಖೆಯಲ್ಲಿ ಇನ್ನೊಬ್ಬರಿಲ್ಲ ಎಂದು ಮೇಲಿನವರು ಹೊಗಳಿದ್ದೂ ಉಂಟು.

ಅವಳನ್ನು ಬೆಳೆಸಿದ್ದು ಅಕ್ಕ ಮತ್ತು ಭಾವ. ಅಕ್ಕನ ಮದುವೆಯ ಹೊತ್ತಿಗೆ ಅವಳಿನ್ನೂ ಲಂಗದ ಹುಡುಗಿ, ತಾಯಿ ತೀರಿಹೋಗಿದ್ದಳು, ಬೇರೆ ದಿಕ್ಕಿಲ್ಲದೆ ಅಕ್ಕನ ಹಿಂದೆಯೇ ಬಂದುಬಿಟ್ಟಿದ್ದಳು. ‘ಮದುವೆಗೆ ಬಂದ ಉಡುಗೊರೆಗಳಲ್ಲಿ ಮಾತಾಡೋದು ಇದೊಂದೇ’ ಎಂದು ಭಾವ ಬಂದವರಿಗೆಲ್ಲ ಅವಳನ್ನು ತೋರಿಸುತ್ತಿದ್ದರು. ಭಾವ ಮರದ ಪೀಠೋಪಕರಣಗಳ ವರ್ಕ್‌ಶಾಪಿನಲ್ಲಿ ಪಾಲಿಶ್ ಕೆಲಸದವರು. ಮೂವತ್ತು ವರ್ಷ ಮರಳುಕಾಗದ ಹಿಡಿದು ಉಜ್ಜಿದರು, ಉಜ್ಜಿದ ಧೂಳನ್ನೂ ಥಿನ್ನರಿನ ವಾಸನೆಯನ್ನೂ ಒಳಗೆ ಎಳೆದುಕೊಂಡರು. ಊರಿನ ದೊಡ್ಡ ಮನೆಗಳ ಊಟದ ಮೇಜುಗಳಲ್ಲಿ ಇವತ್ತಿಗೂ ಮುಖ ಕಾಣುತ್ತದೆ. ಹಾಗೆ ಹೊಳಪು ಬರಿಸಿದವರ ಪುಪ್ಪುಸ ಮಾತ್ರ ಹಳೆಯ ಚರ್ಮದ ಚೀಲದ ಹಾಗೆ ಬಿಗಿದುಕೊಂಡಿತು.

ಇದಕ್ಕೆ ಗುಣವಾಗುವ ಮದ್ದಿಲ್ಲ ಎಂದರು ವೈದ್ಯರು. ಮದ್ದಿಲ್ಲದ್ದಕ್ಕೆ ಆಸ್ಪತ್ರೆಯ ಹಳೆಯ ಲಾಂಡ್ರಿ ಕೋಣೆಯಲ್ಲಿ ಒಂದು ತರಗತಿ ಶುರುವಾಗಿತ್ತು. ನಡೆಸುವವರು ಒಬ್ಬ ವ್ಯಾಯಾಮ ಚಿಕಿತ್ಸಕರು, ಎಲ್ಲರ ಬಾಯಲ್ಲಿ ಉಸಿರಿನ ಮೇಷ್ಟ್ರು. ನೀರು ತುಂಬಿದ ಬಾಟಲಿಗಳನ್ನು ಎತ್ತಿಸುವುದು, ಚಕ್ರವಿಲ್ಲದ ಸೈಕಲ್ಲು ತುಳಿಸುವುದು, ಬಿಸಿ ಚಹಾ ಊದುವ ಹಾಗೆ ತುಟಿ ಕೂಡಿಸಿ ಉಸಿರು ಬಿಡಿಸುವುದು, ಮೆಟ್ಟಿಲಲ್ಲಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಂತರೆ ಸೋತ ಹಾಗೆ ಎಂದು ಕಲಿಸುವುದು. ಯಂತ್ರವಿಲ್ಲ, ಮಾತ್ರೆಯಿಲ್ಲ, ಮಾರಲು ಬರುವ ಕಂಪನಿಯಿಲ್ಲ. ಅದೇ ಅದರ ದುರದೃಷ್ಟ. ಅದರ ಪರವಾಗಿ ಟೈ ಕಟ್ಟಿಕೊಂಡು ವಾದ ಮಾಡಲು ಯಾರೂ ಇರಲಿಲ್ಲ.

ಭಾವ ಗೊಣಗಿಕೊಂಡೇ ತರಗತಿಗೆ ಸೇರಿದರು. ಮೊದಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಯಿಂದ ಇಳಿಸಿ ಕರೆದೊಯ್ಯಬೇಕಿತ್ತು. ಎರಡು ತಿಂಗಳಾಗುವ ಹೊತ್ತಿಗೆ ಎರಡನೇ ಮಹಡಿಯ ತಮ್ಮ ಮನೆಯಿಂದ ತಾವೇ ಇಳಿದು ಬೀದಿಗೆ ಬಂದರು. ಕ್ಷೌರದಂಗಡಿಯಲ್ಲಿ ಕೂತು ಪೇಪರು ಓದಿದರು. ಒಂದು ದಿನ ಹಳೆಯ ವರ್ಕ್‌ಶಾಪಿಗೇ ಹೋಗಿ, ಹೊಸ ಕೆಲಸಗಾರರು ಮಾಡಿದ ಕಪಾಟಿನ ಮೇಲೆ ಬೆರಳಾಡಿಸಿ, ಇದೇನು ಪಾಲಿಶ್ಶೋ ಎಮ್ಮೆ ಮೈಯೋ ಎಂದು ಕೇಳಿ, ಬೈಸಿಕೊಂಡು ಖುಷಿಯಾಗಿ ಮನೆಗೆ ಬಂದರು.

ಇಷ್ಟರಲ್ಲಿ ಕಚೇರಿಗೆ ತರಗತಿಯ ಅಂಕಗಳು ಬಂದವು. ಏರಿರಲಿಲ್ಲ. ಸಮನಾಗಿಯೂ ಇರಲಿಲ್ಲ. ಇಳಿದಿದ್ದವು. ತರಗತಿಗೆ ಸೇರಿದ ಮೇಲೆ ರೋಗಿಗಳ ಆರೋಗ್ಯ ತುಸು ಕೆಟ್ಟಿದೆ ಎಂದು ಲೆಕ್ಕ ಹೇಳುತ್ತಿತ್ತು. ಮುಚ್ಚುವುದು ಸೂಕ್ತ ಎಂಬ ಶಿಫಾರಸು ಸಮಿತಿಯ ಮುಂದೆ ಹೋಗಲಿತ್ತು.

ಸ್ವಂತದವರನ್ನು ತಾನೇ ಕೇಳಬಾರದೆಂಬ ನಿಯಮವಿತ್ತು, ಆದ್ದರಿಂದ ಭಾವನ ಮನೆಗೆ ಹೋಗಿದ್ದವಳು ಇನ್ನೊಬ್ಬ ಸಹೋದ್ಯೋಗಿ. ಆದರೆ ಆ ತರಗತಿಯ ಉಳಿದವರಲ್ಲಿ ಅರ್ಧಕ್ಕರ್ಧ ಜನರನ್ನು ಕೇಳಿ ಬರೆದದ್ದು ಐದುಪ್ರಶ್ನೆಯೇ. ಅಂದರೆ ತರಗತಿಯ ಕುತ್ತಿಗೆಗೆ ಬಿದ್ದ ಹಗ್ಗದಲ್ಲಿ ಅವಳ ಕೈಬರಹವೂ ಇತ್ತು.

ಅವತ್ತು ಸಂಜೆ ಅವಳು ನೇರ ಅಕ್ಕನ ಮನೆಗೆ ಹೋದಳು. ಕೇಳಲು ಬಂದವಳಿಗೆ ಏನು ಹೇಳಿದಿರಿ ಭಾವ ಎಂದು ತಗಾದೆ ತೆಗೆದಳು. ಭಾವ ಕಿಟಕಿಯ ಪಕ್ಕ ಕೂತಿದ್ದರು.

“ಮೊದಲನೇ ಸಲ ಬಂದಾಗ, ನಡೆಯೋಕೆ ತೊಂದರೆ ಇದೆಯಾ ಅಂದ್ಲು. ಇಲ್ಲ ಅಂದೆ. ನಾನು ನಡೀತಾನೇ ಇರಲಿಲ್ಲವಲ್ಲ, ತೊಂದರೆ ಎಲ್ಲಿಂದ ಬರಬೇಕು?”

“ದಿನನಿತ್ಯದ ಕೆಲಸ?”

“ದಿನಾ ಮಲಗಿರೋದೇ ಕೆಲಸ. ಅದನ್ನ ನನ್ನಷ್ಟು ಚೆನ್ನಾಗಿ ಮಾಡೋರು ಇಡೀ ಬೀದೀಲಿ ಯಾರಿದ್ರು ಹೇಳು. ತೊಂದರೆ ಇಲ್ಲ ಅಂದೆ.”

“ಎರಡನೇ ಸಲ?”

“ಅವತ್ತು ಮಾರ್ಕೆಟ್ಟಿಗೆ ಹೋಗಿ ಬಂದಿದ್ದೆ. ಏರಿನಲ್ಲಿ ಎದೆ ಹಿಡ್ಕೊಂಡು ನಿಂತಿದ್ದೆ. ಅದನ್ನೇ ಹೇಳಿದೆ. ಸುಳ್ಳು ಹೇಳಬೇಕಿತ್ತಾ?”

ಭಾವ ಮುಂದುವರಿಸಿದರು. ಅಷ್ಟಕ್ಕೂ ಮನೆ ಬಾಗಿಲಿಗೆ ಬಂದ ಹೆಣ್ಣುಮಗಳು ಹೇಗಿದ್ದೀರಾ ಎಂದರೆ ಚೆನ್ನಾಗಿದ್ದೀನಿ ಎನ್ನದೆ ಇನ್ನೇನು ಎನ್ನುತ್ತಾರೆ, ಮೊದಲ ಭೇಟಿಯಲ್ಲೇ ಗೋಳು ಹೇಳಿಕೊಳ್ಳಲು ತಾನೇನು ಭಿಕ್ಷೆಗೆ ನಿಂತಿದ್ದೆನೇ ಎಂದರು. ಎರಡನೇ ಸಲ ಅವಳ ಪರಿಚಯವಾಗಿತ್ತು, ಚಹಾ ಕುಡಿಸಿದ್ದರು, ಹಾಗಾಗಿ ನಾಲ್ಕು ಕಷ್ಟ ಹೇಳಿಕೊಂಡಿದ್ದರು.

ಅಡುಗೆಮನೆಯಲ್ಲಿ ಅಕ್ಕ ಸಿಂಕಿನ ನಲ್ಲಿಯನ್ನು ಜೋರಾಗಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ತಂಗಿಗೆ ಹೇಳಿದ್ದು ಇನ್ನೊಂದು ವಿಷಯ. ಆ ಕಟ್ಟಡದಲ್ಲಿ ಪಾಯಿಖಾನೆ ಇರುವುದು ಮೊಗಸಾಲೆಯ ಆ ತುದಿಯಲ್ಲಿ, ನಾಲ್ಕು ಮನೆಗೆ ಸೇರಿ ಒಂದು. ತರಗತಿಗೆ ಸೇರುವ ಮುಂಚೆ ಒಂದು ವರ್ಷ ಭಾವ ಅಲ್ಲಿಗೆ ಹೋಗಲಾಗದೆ ಕೋಣೆಯಲ್ಲೇ ಬಕೆಟ್ ಇಟ್ಟುಕೊಂಡಿದ್ದರು. ಅಕ್ಕ ಅದರ ಮೇಲೆ ಟವೆಲ್ ಮುಚ್ಚಿ, ಪಕ್ಕದವರು ಏಳುವ ಮುಂಚೆ ಒಯ್ದು ಸುರಿದು ತೊಳೆದು ತರುತ್ತಿದ್ದಳು. ತಂಗಿ ಬರುತ್ತಾಳೆಂದರೆ ಬಕೆಟ್ಟು ಕಪಾಟಿನ ಹಿಂದೆ. ಈಗ ಭಾವ ತಾವೇ ಹೋಗಿಬರುತ್ತಾರೆ.

ಇದನ್ನು ಸಮಿತಿಯ ಮುಂದೆ ಹೇಳು ಎಂದಳು ತಂಗಿ. ಅಕ್ಕ ನಲ್ಲಿ ನಿಲ್ಲಿಸಿದಳು. “ಬಾಯಿ ಬಿಟ್ಟೀಯ ಜೋಕೆ. ಅವರಿಗೆ ಉಳಿದಿರೋದು ಅದೊಂದೇ ಮರ್ಯಾದೆ.”

ಮರುದಿನ ಅವಳು ತನ್ನ ಮೇಲಧಿಕಾರಿಯ ಹತ್ತಿರ ಹೋದಳು. ಕಚೇರಿಯಲ್ಲಿ ಆಕೆಗೆ ಲೆಕ್ಕದ ಮೇಡಂ ಎಂದು ಹೆಸರು. ತಾನು ಏನೋ ದೊಡ್ಡದನ್ನು ಪತ್ತೆ ಹಚ್ಚಿದೆ ಎಂಬ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಹೇಳಿದಳು, ಬಕೆಟ್ ಒಂದನ್ನು ಬಿಟ್ಟು. ಮೇಡಂ ಶಾಂತವಾಗಿ ಕೇಳಿಸಿಕೊಂಡು, ಇದು ನಮಗೆ ಗೊತ್ತಿರುವುದೇ ಎಂದರು. ಕಾಯಿಲೆಗೆ ಒಗ್ಗಿಹೋದವರು ಕಾಯಿಲೆಯನ್ನೇ ಆರೋಗ್ಯ ಅನ್ನುತ್ತಾರೆ, ಚೇತರಿಸಿಕೊಂಡವರಿಗೆ ಮಾತ್ರ ತಮ್ಮ ಕೊರತೆ ಕಾಣುತ್ತದೆ, ಪುಸ್ತಕಗಳಲ್ಲಿ ಇದೆ ಎಂದರು.

ಹಾಗಾದರೆ ‘ಆಗ ಹೇಗಿದ್ದಿರಿ’ ಎಂದು ಈಗಲೂ ಒಮ್ಮೆ ಕೇಳಬಹುದಲ್ಲ ಎಂದಳು ಇವಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿಮ್ಮ ತರಗತಿಗೆ ಕೇಳಿದರೆ ನಾಳೆ ಎಲ್ಲರಿಗೂ ಕೇಳಬೇಕಾಗುತ್ತೆ. ಮಾತ್ರೆ ಮಾರುವವರು ಬರ್ತಾರೆ. ಕೃತಜ್ಞತೆಯಿಂದ ಕಣ್ಣು ತುಂಬಿಕೊಂಡ ರೋಗಿಗಳನ್ನ ಸಾಲಾಗಿ ಕೂರಿಸ್ತಾರೆ. ನಿನ್ನೆ ನರಕದಲ್ಲಿದ್ದೆ, ಈ ಮಾತ್ರೆ ನುಂಗಿ ಎದ್ದು ಬಂದೆ ಅಂತಾರೆ ಅವರು. ಸುಳ್ಳಲ್ಲ, ಅವರಿಗೆ ಹಾಗೇ ಅನಿಸಿರುತ್ತೆ. ಆಗ ಗಂಟು ಬರಿದಾಗುತ್ತೆ. ಯಾವ ಕೂಸಿನ ಲಸಿಕೆ ನಿಲ್ಲಿಸಲಿ ಹೇಳಿ.”

ಅವಳಿಗೆ ಸಿಟ್ಟಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸಿಟ್ಟು ಮಾಡಿಕೊಳ್ಳಲು ಒಬ್ಬ ಕಳ್ಳ ಸಿಕ್ಕಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಇಲ್ಲಿ ಎಲ್ಲರೂ ಪ್ರಾಮಾಣಿಕರು. ಎಲ್ಲರೂ ಪ್ರಾಮಾಣಿಕವಾಗಿ ಸೇರಿ ಉಸಿರಾಡಲು ಕಲಿಯುತ್ತಿದ್ದವರ ಕೋಣೆಗೆ ಬೀಗ ಹಾಕಲು ಹೊರಟಿದ್ದರು. ನಿಯಮದೊಳಗೆ ಒಂದು ಕಿಂಡಿ ಇದೆ ಎಂದರು ಮೇಡಂ. ತೀರ್ಮಾನಕ್ಕೆ ಮುಂಚೆ ಇಬ್ಬರು ರೋಗಿಗಳ ಮಾತನ್ನು ಸಮಿತಿ ಕೇಳುತ್ತದೆ. ಆದರೆ ಕಚೇರಿಯವರು ಬಾಯಿ ತೆರೆಯುವ ಹಾಗಿಲ್ಲ, ರೋಗಿಗಳಿಗೆ ಇಂಥದ್ದೇ ಹೇಳಿ ಎಂದು ಪಾಠ ಹೇಳಿಕೊಡುವ ಹಾಗೂ ಇಲ್ಲ.

ತರಗತಿಯವರು ಆರಿಸಿ ಕಳಿಸಿದ್ದು ಭಾವನನ್ನು ಮತ್ತು ಒಬ್ಬ ಪೇಂಟರನ್ನು. ಪೇಂಟರ್ ಅಂದರೆ ಗೋಡೆಗೆ ಬಣ್ಣ ಬಳಿಯುತ್ತಿದ್ದವನು, ಮಾತಿನ ಮಲ್ಲ, ಸಮಿತಿಯನ್ನು ಕರಗಿಸಿಬಿಡುತ್ತಾನೆ ಎಂದು ಎಲ್ಲರ ನಂಬಿಕೆ.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ನೀರಿನ ಗಾಜಿನ ಲೋಟಗಳು, ಮುಚ್ಚಳ ಹಾಕಿದವು. ಭಾವ ಒಳಗೆ ಬಂದವರೇ ಮೇಜಿನ ಅಂಚನ್ನು ಉಗುರಿನಿಂದ ಕೆರೆದು ನೋಡಿ ಮುಖ ಸಿಂಡರಿಸಿದರು. ಐದುಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಳು. ಅಕ್ಕ ಅವಳ ಪಕ್ಕ, ಸೆರಗು ಬಿಗಿಯಾಗಿ ಹೊದ್ದು.

ಪೇಂಟರ್ ಎದ್ದು ನಿಂತು ಉಸಿರಿನ ಮೇಷ್ಟ್ರು ದೇವರಂಥವರು ಎಂದ. ಆಸ್ಪತ್ರೆ ದೇವಸ್ಥಾನ ಎಂದ. ಸರ್ಕಾರಕ್ಕೆ ಕೈಮುಗಿದ, ಸಮಿತಿಗೆ ಕೈಮುಗಿದ, ನೀರು ತಂದಿಟ್ಟವನಿಗೂ ಮುಗಿದ. ಒಂದು ಉಪಯೋಗದ ಮಾತು ಅವನ ಬಾಯಿಂದ ಬರಲಿಲ್ಲ. ಬರೆದುಕೊಳ್ಳಬೇಕಾದ ಗುಮಾಸ್ತ ಪೆನ್ನು ಎತ್ತಲೇ ಇಲ್ಲ.

ಆಮೇಲೆ ಭಾವ. ಅಧ್ಯಕ್ಷರು ಸಭ್ಯ ಮನುಷ್ಯ. ನಿಲ್ಲುವುದು ಬೇಡ, ಕೂತೇ ಹೇಳಿ ಎಂದು, ತರಗತಿಯಿಂದ ನಿಮಗೆ ಏನು ಬದಲಾಯಿತು ಎಂದು ಕೇಳಿದರು. ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಲು ಸಾಧ್ಯವಿರಲಿಲ್ಲ. ಐದುಪ್ರಶ್ನೆ ಕುರ್ಚಿಯ ಕೈ ಹಿಡಿದುಕೊಂಡಳು.

“ಏನಿಲ್ಲ ಸಾರ್,” ಎಂದರು ಭಾವ. “ಮುಂಚೆನೂ ಚೆನ್ನಾಗಿದ್ದೆ. ಈಗಲೂ ಚೆನ್ನಾಗಿದ್ದೀನಿ.”

ದೊಡ್ಡವರ ಮುಂದೆ ಹಾಗೆಯೇ ಹೇಳುವುದು. ಭಾವನ ಅಪ್ಪನೂ ಹಾಗೆಯೇ ಹೇಳಿ ಸತ್ತಿದ್ದ. ಅಧ್ಯಕ್ಷರು ಧನ್ಯವಾದ ಹೇಳಿ ಮುಂದಿನ ಹಾಳೆ ತಿರುಗಿಸಲು ಬೆರಳು ಒದ್ದೆ ಮಾಡಿಕೊಂಡರು.

ಅಕ್ಕ ಎದ್ದು ನಿಂತಳು. ಅವಳ ಹೆಸರು ಮಾತಾಡುವವರ ಪಟ್ಟಿಯಲ್ಲಿರಲಿಲ್ಲ. ಗುಮಾಸ್ತ ಅದನ್ನೇ ಹೇಳಲು ಹೋದ, ಅಧ್ಯಕ್ಷರು ಕೈ ತೋರಿಸಿ ಸುಮ್ಮನಿರಿಸಿದರು.

“ಚೆನ್ನಾಗಿದ್ರಂತೆ,” ಎಂದಳು ಅಕ್ಕ, ಗಂಡನ ಕಡೆ ನೋಡದೆ. “ಒಂದು ವರ್ಷ ನಮ್ಮ ರೂಮಲ್ಲಿ ಬಕೆಟ್ ಇತ್ತು ಸಾರ್. ಎರಡಕ್ಕೂ ಅದೇ. ಮೊಗಸಾಲೆ ಆ ತುದಿಗೆ ಹೋಗೋಕೆ ಇವರಿಗೆ ಉಸಿರಿರಲಿಲ್ಲ. ನಾನು ಎತ್ತಿ ಹೊರಗೆ ಹಾಕ್ತಿದ್ದೆ. ಆಗ ಬಂದು ಕೇಳಿದ್ರಿ, ನಡೆಯೋಕೆ ತೊಂದರೆ ಇಲ್ಲ ಅಂದ್ರು. ಈಗ ತಾವೇ ಎದ್ದು ಹೋಗ್ತಾರೆ, ದಾರೀಲಿ ಗೋಡೆ ಹಿಡ್ಕೊಂಡು ನಿಲ್ತಾರೆ. ನಿಂತಿದ್ದನ್ನ ಹೇಳಿದ್ರು. ನಿಮಗೆ ಆ ನಿಲ್ಲೋದು ಸಿಕ್ತು, ಬಕೆಟ್ ಸಿಗಲಿಲ್ಲ.”

ಕೋಣೆಯಲ್ಲಿ ಯಾರೋ ಲೋಟದ ಮುಚ್ಚಳ ತೆಗೆದು ಮತ್ತೆ ಹಾಕಿದರು. ಭಾವ ಮೇಜಿನ ಅಂಚನ್ನೇ ನೋಡುತ್ತಿದ್ದರು. ಅವರ ಕಿವಿ ಕೆಂಪಗಾಗಿತ್ತು.

ಗುಮಾಸ್ತನಿಗೆ ಸಮಸ್ಯೆ ಬಂತು. ಇದನ್ನು ಯಾವುದರ ಕೆಳಗೆ ಬರೆಯಲಿ ಎಂದ. ಮನೆಯವರ ದುಡಿಮೆ ಸರ್ಕಾರದ ಗಂಟಿನಿಂದ ಹೋಗುವುದಲ್ಲ, ಹಾಗಾಗಿ ಅದಕ್ಕೆ ಕಾಲಂ ಇಲ್ಲ. ಹೆಂಡತಿ ಒಂದು ವರ್ಷ ಬಕೆಟ್ ಹೊತ್ತರೆ ಗಂಟಿಗೆ ಬಿದ್ದ ಖರ್ಚು ಸೊನ್ನೆ. ಲೆಕ್ಕದ ಪ್ರಕಾರ ಇದಕ್ಕಿಂತ ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ.

ಆಗ ಬಾಯಿ ತೆರೆದವರು ಮೇಜಿನ ಕೊನೆಯಲ್ಲಿ ಕಡತ ಹಿಡಿದು ಕೂತಿದ್ದ ಲೆಕ್ಕದ ಮೇಡಂ. ಕಚೇರಿಯವರು ಮಾತಾಡಬಾರದೆಂಬ ನಿಯಮವನ್ನು ಐದುಪ್ರಶ್ನೆಗೆ ಹೇಳಿದವರೂ ಅವರೇ. “ಮನೆಯವರ ದುಡಿಮೆ ಅಂತ ಬರೀಬೇಡಿ,” ಎಂದರು. “ಮೊದಲನೇ ಪ್ರಶ್ನೆ, ನಡೆದಾಡುವುದು. ಚಿಕಿತ್ಸೆಗೆ ಮುಂಚಿನ ಉತ್ತರ ಅನುಮಾನಾಸ್ಪದ. ಅಷ್ಟು ಬರೀರಿ.”

ತೀರ್ಮಾನ ಹೀಗೆ ಬಂತು: ತರಗತಿ ಇನ್ನೊಂದು ತಂಡ ಮುಗಿಯುವವರೆಗೆ ನಡೆಯಲಿ, ಮತ್ತೆ ಅಳೆಯಿರಿ, ‘ಆಗ ಹೇಗಿದ್ದಿರಿ’ ಎಂದು ಹೆಚ್ಚುವರಿಯಾಗಿ ಕೇಳಿ ಪಕ್ಕಕ್ಕೆ ಇಟ್ಟುಕೊಳ್ಳಿ, ಅಂಕಕ್ಕೆ ಸೇರಿಸಬೇಡಿ. ಹಳೆಯ ಅಂಕಗಳು ಹಾಗೆಯೇ ಇರುತ್ತವೆ. ಗೆಲುವು ಎನ್ನುವ ಹಾಗೂ ಇಲ್ಲ, ಬೀಗವಂತೂ ಬೀಳಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಭಾವ ಬೇರೆ ಸೀಟಿನಲ್ಲಿ ಕೂತರು. ಮನೆಗೆ ಬಂದು ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದವರು, ತರಗತಿಯ ದಿನ ಬಂದರೂ ಏಳಲಿಲ್ಲ. ತನ್ನ ಮಾನವನ್ನು ಸರ್ಕಾರದ ಮೇಜಿನ ಮೇಲೆ ಸುರಿದು ಬಂದವಳ ಜೊತೆ ಮಾತಿಲ್ಲ ಎಂದು ಗೋಡೆಗೆ ಹೇಳಿದರು. ತರಗತಿಯ ತುಂಬ ಸುದ್ದಿ ಹರಡಿರುತ್ತದೆ, ಅಲ್ಲಿಗೆ ಹೋಗಿ ಯಾರ ಮುಖ ನೋಡಲಿ ಎಂದೂ ಹೇಳಿದರು. ಪಾಯಿಖಾನೆಗೆ ಮಾತ್ರ ತಾವೇ ನಡೆದು ಹೋಗುತ್ತಿದ್ದರು. ಬೇಕಾದಾಗಲೂ ಹೋಗುತ್ತಿದ್ದರು, ಬೇಡದಾಗಲೂ ಹೋಗುತ್ತಿದ್ದರು, ಅಕ್ಕನ ಎದುರಿನಿಂದಲೇ ಹಾದು. ಉಸಿರಿನ ಮೇಷ್ಟ್ರು ಹೇಳಿ ಕಳಿಸಿದರು: ಕಾಲಿನ ಬಲ ಬರಲು ತಿಂಗಳುಗಳು ಬೇಕು, ಹೋಗಲು ವಾರಗಳು ಸಾಕು. ಉಳಿಸಿಕೊಂಡ ತರಗತಿಯಲ್ಲಿ ಯಾರಿಗಾಗಿ ಉಳಿಸಿದರೋ ಅವರೇ ಇಲ್ಲ. ಅಕ್ಕ ಅಳಲಿಲ್ಲ. ನಾನು ಸುಮ್ಮನಿರಬೇಕಿತ್ತಾ ಎಂದು ತಂಗಿಯನ್ನು ಒಂದೇ ಸಲ ಕೇಳಿದಳು.

ಹೊಸ ತಂಡದ ಮೊದಲ ಅಳತೆ ಶುರುವಾಗಿತ್ತು. ಅವಳು ಒಬ್ಬ ಬೇಕರಿಯ ಒಲೆಯವನ ಮನೆಗೆ ಹೋದಳು. ನಡೆದಾಡಲು ತೊಂದರೆ ಇದೆಯೇ ಎಂದಳು, ಅದೇ ಗೋಡೆಯ ದನಿಯಲ್ಲಿ. ಇಲ್ಲ ಎಂದ. ವಿವರಿಸಬಾರದು, ತಲೆಯಾಡಿಸಬಾರದು, ಎಲ್ಲ ಸರಿ. ಆದರೆ ಉತ್ತರ ಬಂದ ಮೇಲೆ ಎಷ್ಟು ಹೊತ್ತು ಸುಮ್ಮನೆ ಕೂರಬಹುದು ಎಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಅವಳು ಪೆನ್ನು ಊರದೆ ಕೂತಳು. ಒಲೆಯವನು ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. ಅಂದರೆ ಬಾಗಿಲವರೆಗೆ ತೊಂದರೆ ಇಲ್ಲ ಎಂದ ಅವನು. ಅವಳು ಮತ್ತೂ ಕೂತಳು. ಬಾಗಿಲಾಚೆ ಹೋಗಿ ತುಂಬ ದಿನವಾಯಿತು ಎಂದ. ‘ಆಗುವುದೇ ಇಲ್ಲ’ ಎಂಬಲ್ಲಿ ಗುರುತು ಹಾಕಲೇ ಎಂದು ಅವಳು ಕೇಳಲಿಲ್ಲ. ಅವನೇ ಹೇಳಿದ ಮೇಲೆ ಹಾಕಿದಳು.

ಆ ಭಾನುವಾರ ಅವಳು ಅಕ್ಕನ ಮನೆಯಲ್ಲಿದ್ದಾಗ ಪೇಂಟರ್ ಬಂದ. ಎರಡು ಮಹಡಿ ಹತ್ತಿ ಬಂದವನು ಬಾಗಿಲಲ್ಲಿ ತುಟಿ ಕೂಡಿಸಿ ಊದುತ್ತ ನಿಂತ, ಮಾತು ಬರಲು ಹೊತ್ತು ಹಿಡಿಯಿತು. ಮಾತು ಬಂದದ್ದೇ ಹಾಸಿಗೆಯ ಅಂಚಿನಲ್ಲಿ ಕೂತು ಭಾವನ ಬೆನ್ನಿಗೆ ಹೇಳತೊಡಗಿದ.

“ನೀನೊಬ್ಬನೇ ಅಂದ್ಕೊಂಡಿದ್ದೀಯಲ್ಲ ಅಣ್ಣ. ನಿಮ್ಮನೇಲಿ ಬಕೆಟ್ಟು. ನಮ್ಮನೇಲಿ ಹಳೇ ಪೇಂಟ್ ಡಬ್ಬ, ಇಪ್ಪತ್ತು ಲೀಟರಿಂದು. ಮುಚ್ಚಳ ಸಮೇತ, ಗ್ಯಾರಂಟಿ ಸಮೇತ.”

ಬೆನ್ನು ಅಲುಗಲಿಲ್ಲ.

ಪೇಂಟರ್ ಬಿಡಲಿಲ್ಲ. ಸಮಿತಿಯ ಸುದ್ದಿ ತಿಳಿದ ದಿನ ತರಗತಿಯಲ್ಲಿ ಬಾಟಲಿ ಎತ್ತುವುದೇ ನಿಂತುಹೋಯಿತು ಎಂದ. ಲಾರಿ ಡ್ರೈವರ್ ತನ್ನದು ಏನೆಂದು ಹೇಳಿದ, ಮೇಸ್ತ್ರಿ ತನ್ನದು ಹೇಳಿದ; ದರ್ಜಿಯಂತೂ ತನಗೆ ಮಗಳು ಹೂದಾನಿ ಕೊಟ್ಟಿದ್ದಳು ಎಂದು ಜಂಬದಿಂದ ಹೇಳಿಕೊಂಡ. ಭಾವನ ಭುಜ ಕುಲುಕಿತು. ನಗುವೋ ಕೆಮ್ಮೋ ಎಂದು ಅಕ್ಕ ಬಾಗಿಲಿಗೆ ಬಂದು ನೋಡಿದಳು. ಎರಡೂ ಆಗಿತ್ತು.

ಭಾವ ಎದ್ದು ಕೂತು ಸುಧಾರಿಸಿಕೊಳ್ಳುವಾಗ ಪೇಂಟರ್ ಐದುಪ್ರಶ್ನೆಯ ಕಡೆ ತಿರುಗಿದ. ನನಗೂ ನೀನೇ ಬಂದು ಕೇಳಿದ್ದೆಯಲ್ಲಮ್ಮ, ಇಲ್ಲ ಅಂತಲೇ ಹೇಳಿದ್ದೆ, ಈಗ ತಿದ್ದಬಹುದೇ ಎಂದ.

“ಇಲ್ಲ,” ಎಂದಳು. “ಬರೆದಾಯ್ತು.”

“ಹಾಗಾದ್ರೆ ನಿಮ್ಮ ಸರ್ಕಾರದ ಲೆಕ್ಕದಲ್ಲಿ ನಾನು ಗಟ್ಟಿಮುಟ್ಟಾಗಿದ್ದೆ. ಮೇಷ್ಟ್ರು ಬಂದು ಕೆಡಿಸಿದ್ರು.”

“ಹೌದು.”

ಇದೇ ಕಾರಣಕ್ಕೆ ನಾಳೆ ಹೊಸ ತಂಡದಲ್ಲಿ ಇನ್ನೂ ಅಳತೆಯಾಗದವರ ಹತ್ತಿರ ತಾನೂ ಭಾವನೂ ಹೋಗಿ ಕೂರಬೇಕು, ಡಬ್ಬದ ವಿಷಯ ಮೊದಲೇ ಅವರ ಬಾಯಿಂದ ಹೊರಡಿಸಬೇಕು, ಹೇಳಿಕೊಡಬಾರದು ಎಂಬ ನಿಯಮ ಕಚೇರಿಯವರಿಗೆ, ಬಣ್ಣ ಬಳಿಯುವವರಿಗಲ್ಲ ಎಂದ ಪೇಂಟರ್. ಐದುಪ್ರಶ್ನೆ ಕಿಟಕಿಯ ಆಚೆ ನೋಡಿದಳು. ತನಗೆ ಈ ಮಾತು ಕೇಳಿಸಲಿಲ್ಲ ಎಂದಳು.

ಮರುದಿನ ಪೇಂಟರ್ ಕರೆಯಲು ಬಂದಾಗ ಭಾವ ಶರಟು ಹಾಕಿಕೊಂಡು ಕೂತಿದ್ದರು. ಅಕ್ಕ ಒಲೆಯ ಮುಂದಿದ್ದಳು. ಅವಳ ಕಡೆ ತಿರುಗದೆ, ಆದರೆ ಅವಳಿಗೇ ಕೇಳುವ ಹಾಗೆ ಅವರು ಹೇಳಿದರು.

“ನನ್ನ ಚಪ್ಪಲಿ ಎಲ್ಲಿ?”

“ಕಾಲಲ್ಲೇ ಇದೆ,” ಎಂದಳು ಅಕ್ಕ.

ಭಾವ ಕಾಲು ನೋಡಿಕೊಂಡರು. ಎದ್ದರು. ಇಬ್ಬರೂ ಮೆಟ್ಟಿಲಿಳಿದರು; ನಡುವಿನ ತಿರುವಿನಲ್ಲಿ ನಿಂತರು, ಊದಿದರು. ಗೋಡೆಗೆ ಹಚ್ಚಿದ ಬಣ್ಣ ಯಾವ ಮಹಾನುಭಾವನದು ಎಂದು ಭಾವ ಕೇಳಿದ್ದೂ, ಮರದವರಿಗೆ ಗೋಡೆಯ ವಿಷಯ ಏನು ತಿಳಿಯುತ್ತೆ ಎಂದು ಪೇಂಟರ್ ಜಗಳಕ್ಕೆ ನಿಂತಿದ್ದೂ ಮೇಲಕ್ಕೆ ಕೇಳಿಸಿತು. ದನಿಗಳು ಬೀದಿಗಿಳಿಯುವವರೆಗೆ ಅಕ್ಕ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಹೋಗಿ ಹಾಸಿಗೆ ಸುತ್ತಿಟ್ಟಳು.